ನಮ್ಮದು ಲೋ ವೋಲ್ಟೇಜ್ ಕೆಲಸ ಅನ್ನುವವರಿಗೆ

(ಮುಂಬೈಯಲ್ಲಿ ಬ್ರಾಡ್‌ಬ್ಯಾಂಡ್, ಕೇಬಲ್, ಸಿಸಿಟಿವಿ ಕೆಲಸ ಮಾಡುವ ಕನ್ನಡಿಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ರ‍್ಯಾಕ್ (ಉಪಕರಣ ಜೋಡಿಸುವ ಲೋಹದ ಚೌಕಟ್ಟು) ಮುಟ್ಟಿದಾಗ ಬೆರಳಿಗೆ ಚುರ್ ಅಂದದ್ದು ಯಾರಿಗೆಲ್ಲ ಗೊತ್ತು, ಕೈ ಎತ್ತಿ. ನೋಡಿ, ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ದೀರಿ. ಚುರ್ ಅಂದಮೇಲೆ ಮಲ್ಟಿಮೀಟರ್ ತೆಗೆದು ಅಳೆದವರು ಮಾತ್ರ ಹಾಗೇ ಇರಿ, ಉಳಿದವರು ಇಳಿಸಿ. ಎರಡೋ ಮೂರೋ ಕೈ ಉಳಿದವು. ಇವತ್ತಿನ ಮಾತು ಕೈ ಇಳಿಸಿದವರಿಗೆ.

ನಾವು ನೆಟ್‌ವರ್ಕ್‌ನವರು ಯಾವಾಗಲೂ ಹೇಳುವ ಮಾತು ಒಂದಿದೆ. 'ನಮ್ಮದು ಲೋ ವೋಲ್ಟೇಜ್ ಕೆಲಸ, ಕರೆಂಟಿನ ವಿಷಯ ಎಲೆಕ್ಟ್ರಿಷಿಯನ್ ನೋಡ್ಕೊಳ್ತಾನೆ.' ಅರ್ಧ ನಿಜ. ನಮ್ಮ ವೈರಿನಿಂದ ನಮಗೆ ಶಾಕ್ ಹೊಡೆಯುವುದು ಅಪರೂಪ. ಆದರೆ ಬೇರೆಯವರ ಕರೆಂಟು ನಮ್ಮ ಲೋಹದ ಮೇಲೆ ಬಂದು ಕೂತಿರುತ್ತದೆ. ನೆಟ್‌ವರ್ಕ್ ಸ್ವಿಚ್ಚಿನ ಬಾಡಿ, ರ‍್ಯಾಕಿನ ಬಾಗಿಲು, ಕ್ಯಾಮೆರಾದ ಕಂಬ, ಕೇಬಲ್ಲಿನ ಸ್ಟೀಲ್ ತಂತಿ. ಇವುಗಳಲ್ಲಿ ಕರೆಂಟು ಇರಬಾರದು. ಇರಬಾರದು ಅಂದರೆ ಇಲ್ಲ ಅಂತಲ್ಲ, ಅಲ್ವಾ?

ಮೊದಲು ಆ ಚುರ್ ಎಲ್ಲಿಂದ ಬಂತು ನೋಡೋಣ. ಅಡಾಪ್ಟರ್ ಆಗಲಿ, ಸ್ವಿಚ್ಚಿನ ಒಳಗಿನ ಪವರ್ ಸಪ್ಲೈ ಆಗಲಿ, ಕರೆಂಟಿನ ಗದ್ದಲ (ಎಲೆಕ್ಟ್ರಿಕಲ್ ನಾಯ್ಸ್) ಸೋಸುವುದಕ್ಕೆ ಅದರಲ್ಲಿ ಸಣ್ಣ ಕೆಪಾಸಿಟರ್‌ಗಳನ್ನು ಇಟ್ಟಿರುತ್ತಾರೆ. ಅವುಗಳ ಮೂಲಕ ಚೂರು ಕರೆಂಟು ಸದಾ ಬಾಡಿಗೆ ಸೋರುತ್ತಾ ಇರುತ್ತದೆ. ಇದು ಕೆಟ್ಟದ್ದರ ಲಕ್ಷಣ ಅಲ್ಲ, ಅದನ್ನು ಕಟ್ಟಿರುವುದೇ ಹಾಗೆ. ಮೂರು ಪಿನ್ ಇರುವ ಪೆಟ್ಟಿಗೆಯಲ್ಲಿ ಹಾಗೆ ಸೋರಿದ್ದು ಅರ್ಥ್ ಪಿನ್ ಮೂಲಕ ನೆಲಕ್ಕೆ ಹೋಗಿಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಅರ್ಥ್ ಇಲ್ಲದಿದ್ದರೆ ಬಾಡಿ ಸುಮಾರು 115 ವೋಲ್ಟಿನಲ್ಲಿ, ಅಂದರೆ 230ರ ಅರ್ಧದಲ್ಲಿ, ತೇಲುತ್ತಾ ಇರುತ್ತದೆ. ಟೆಸ್ಟರ್ ಇಟ್ಟರೆ ಮಿಣಮಿಣ ಅನ್ನುತ್ತದೆ.

ಎರಡು ಪಿನ್ನಿನ ಅಡಾಪ್ಟರ್ ಹಾಕಿದ ರೌಟರ್ ಸ್ವಲ್ಪ ಚುರ್ ಅಂದರೆ ಸಾಮಾನ್ಯ. ಮೂರು ಪಿನ್ನಿನ ಸ್ವಿಚ್ ಅಥವಾ ಯುಪಿಎಸ್ ಚುರ್ ಅಂದರೆ ಅರ್ಥ ಒಂದೇ: ಅದರ ಅರ್ಥಿಂಗ್ ಎಲ್ಲೋ ಕಡಿದಿದೆ. ಆ ಹೊತ್ತಿಗೆ ಅದು ತಮಾಷೆ. ನಾಳೆ ಒಳಗಿನ ಫೇಸ್ ವೈರ್, ಅಂದರೆ ಕರೆಂಟು ತರುವ ವೈರ್, ಬಾಡಿಗೆ ತಾಗಿದ ದಿನ ತಮಾಷೆ ಅಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಮನುಷ್ಯನಿಗೆ ಕರೆಂಟು ಇದೆ ಅಂತ ಗೊತ್ತಾಗುವುದು ಸುಮಾರು ಅರ್ಧ ಮಿಲಿ ಆಂಪಿಯರಿಗೆ. ಸುಮಾರು 10 ಮಿಲಿ ಆಂಪಿಯರಿಗೆ ಸ್ನಾಯು ಬಿಗಿಯುತ್ತದೆ, ಹಿಡಿದ ಕೈ ಬಿಡಲು ಆಗುವುದಿಲ್ಲ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಉಸಿರು, ಎದೆಬಡಿತ ಎರಡಕ್ಕೂ ಸಂಚಕಾರ. ಮೂರು ಪಿನ್ನಿನ ಒಂದು ಉಪಕರಣ 3.5 ಮಿಲಿ ಆಂಪಿಯರ್ ತನಕ ಸೋರಬಹುದು ಅಂತ ಸುರಕ್ಷತೆಯ ಮಾನದಂಡವೇ ಬಿಟ್ಟಿದೆ. ಸಾಮಾನ್ಯವಾಗಿ ಅಷ್ಟು ಸೋರುವುದಿಲ್ಲ, ಒಂದು ಅಂತಲೇ ಹಿಡಿಯಿರಿ. ಒಂದು ರ‍್ಯಾಕಿನಲ್ಲಿ ಸ್ವಿಚ್ಚು, ಡಿವಿಆರ್, ಸರ್ವರ್ ಎಲ್ಲ ಸೇರಿ ಹನ್ನೆರಡು ಪೆಟ್ಟಿಗೆ ಇದ್ದು, ಎಲ್ಲಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು ಇದ್ದು, ಆ ಬೋರ್ಡಿನ ಅರ್ಥ್ ಕಡಿದಿದ್ದರೆ? ಹನ್ನೆರಡೂ ಸೇರಿ ರ‍್ಯಾಕಿನ ಮೇಲೆ ಕೂತವು. ಅಲ್ಲಿ ಏನೂ ಕೆಟ್ಟಿಲ್ಲ, ಶಾರ್ಟ್ ಆಗಿಲ್ಲ. ಆದರೂ ಒದ್ದೆ ಕೈಯಲ್ಲಿ ಹಿಡಿದವನ ಕೈ ಕಚ್ಚಿಕೊಳ್ಳುವಷ್ಟು ಕರೆಂಟು ರೆಡಿ ಇದೆ.

ಈಗ ಅರ್ಥಿಂಗ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಈ ಊರಿನ ಅರ್ಧ ರೋಗ ಇಲ್ಲೇ ಇದೆ.

ಗಿರ್‌ಗಾಂವ್, ಪರೇಲ್, ಲಾಲ್‌ಬಾಗ್ ಕಡೆಯ ಹಳೇ ಚಾಳುಗಳಿಗೆ ನೀವೆಲ್ಲ ಹೋಗಿದ್ದೀರಿ. ಗೋಡೆಯ ಮೇಲೆ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಬಂದಿರುವುದು ಎರಡೇ ವೈರು. ಮೇಲಿನ ದೊಡ್ಡ ತೂತು ಸುಮ್ನೆ ಅಲಂಕಾರಕ್ಕೆ. ಇದಾದರೂ ಪರವಾಗಿಲ್ಲ, ಅಳೆದರೆ ಗೊತ್ತಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಾಕೆಟ್ಟಿನ ಎರಡು ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆಯಿರಿ. ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ಟರ್ಮಿನಲ್‌ನಿಂದ ಅರ್ಥ್ ಟರ್ಮಿನಲ್‌ಗೆ ಎರಡು ಇಂಚಿನ ಒಂದು ವೈರಿನ ತುಂಡು ಹಾಕಿರುತ್ತಾರೆ. ಹಸಿರೇ ಇರಬೇಕು ಅಂತಿಲ್ಲ, ಕೈಗೆ ಸಿಕ್ಕ ಬಣ್ಣ. 'ಅರ್ಥಿಂಗ್ ಬೇಕು ಅಂದ್ರು, ಕೊಟ್ಟೆ' ಅಂತ ಯಾರೋ ಹಾಕಿ ಹೋದದ್ದು.

ಮೀಟರ್ ಇಟ್ಟರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಫೇಸ್‌ನಿಂದ ನ್ಯೂಟ್ರಲ್‌ಗೆ 230. ಫೇಸ್‌ನಿಂದ ಅರ್ಥ್‌ಗೆ 230. ನ್ಯೂಟ್ರಲ್‌ನಿಂದ ಅರ್ಥ್‌ಗೆ ಸೊನ್ನೆ. ಚುರ್ ಅನ್ನುವುದೂ ನಿಂತಿರುತ್ತದೆ, ಗಿರಾಕಿ ಖುಷಿ. ಆದರೆ ಆ ಸಾಕೆಟ್ಟಿಗೆ ಬರುವ ನ್ಯೂಟ್ರಲ್ ವೈರು ಹಿಂದೆ ಎಲ್ಲೋ ಸಡಿಲಾಗಿ ಕಡಿಯಿತು ಅನ್ನಿ. ಫೇಸ್ ಬಂದು, ಉಪಕರಣದ ಒಳಗೆ ಹಾದು, ನ್ಯೂಟ್ರಲ್ ಟರ್ಮಿನಲ್‌ಗೆ ಬಂದು, ಆ ಎರಡು ಇಂಚಿನ ತುಂಡಿನ ಮೂಲಕ ನೇರ ಬಾಡಿಗೆ. ಪೂರ್ತಿ 230. ಗಿರಾಕಿ ಫೋನ್ ಮಾಡುತ್ತಾನೆ, 'ನೆಟ್‌ವರ್ಕ್ ಸ್ವಿಚ್ ಆಫ್ ಆಗಿದೆ, ಅದರ ಲೈಟೇ ಇಲ್ಲ, ಬನ್ನಿ.' ನೀವು ಹೋಗುತ್ತೀರಿ. ಲೈಟ್ ಇಲ್ಲ, ಅಂದರೆ ಕರೆಂಟಿಲ್ಲ ಅಂದುಕೊಂಡು ಎರಡೂ ಕೈಯಲ್ಲಿ ಹಿಡಿದು ರ‍್ಯಾಕಿನಿಂದ ಎಳೆಯುತ್ತೀರಿ.

ಅದಕ್ಕೇ ನ್ಯೂಟ್ರಲ್‌ ಮತ್ತು ಅರ್ಥ್ ನಡುವೆ ಅಪ್ಪಟ ಸೊನ್ನೆ ಕಂಡರೆ ನನಗೆ ಅನುಮಾನ ಬರುತ್ತದೆ. ಲೋಡ್ ಓಡುತ್ತಿರುವ ಸಾಕೆಟ್ಟಿನಲ್ಲಿ ಸಾಮಾನ್ಯವಾಗಿ ಒಂದೆರಡು ವೋಲ್ಟಾದರೂ ಇರುತ್ತದೆ, ಯಾಕೆಂದರೆ ನ್ಯೂಟ್ರಲ್‌ನಲ್ಲಿ ಕರೆಂಟು ಹರಿಯುತ್ತಿದೆ, ಅರ್ಥ್‌ನಲ್ಲಿ ಹರಿಯುತ್ತಿಲ್ಲ. ಲೋಡ್ ಹಾಕಿದರೂ ಚೂರೂ ಅಲುಗಾಡದ ಸೊನ್ನೆ ಕಂಡರೆ ಮೇನ್ ಆಫ್ ಮಾಡಿಸಿ ಸಾಕೆಟ್ ತೆಗೆದು ನೋಡಿಸಿ. ಇಪ್ಪತ್ತು, ಮೂವತ್ತು ವೋಲ್ಟ್ ಕಂಡರೂ ಕೆಲಸ ನಿಲ್ಲಿಸಿ. ನ್ಯೂಟ್ರಲ್ ಎಲ್ಲೋ ಸಡಿಲವಿದೆ, ಇಲ್ಲವೇ ಅರ್ಥ್ ತೇಲುತ್ತಿದೆ.

ಸಡಿಲ ನ್ಯೂಟ್ರಲ್ ಅಂದಾಗ ಇನ್ನೊಂದು ನೆನಪಾಯಿತು. ಡೊಂಬಿವಲಿಯ ಒಂದು ಸೊಸೈಟಿಯಲ್ಲಿ ಒಂದೇ ರಾತ್ರಿ ಒಂದು ವಿಂಗಿನ ಹಲವು ಮನೆಗಳಲ್ಲಿ ರೌಟರ್, ಸೆಟ್ ಟಾಪ್ ಬಾಕ್ಸ್ ಎಲ್ಲ ಸುಟ್ಟವು. ಬೈಗುಳ ಬಿದ್ದದ್ದು ಕೇಬಲ್‌ನವರಿಗೆ. 'ನಿಮ್ಮ ಲೈನಿಂದಲೇ ಕರೆಂಟ್ ಬಂತು' ಅಂತ ಜಗಳ. ಆಗಿದ್ದು ಏನು ಅಂದರೆ ಮೂರು ಫೇಸಿನ ಮೇನ್ ನ್ಯೂಟ್ರಲ್ ಕಡಿದಿತ್ತು. ಹಾಗಾದಾಗ ಒಂದು ಫೇಸಿನ ಮನೆ, ಇನ್ನೊಂದು ಫೇಸಿನ ಮನೆ ಎರಡೂ ಸಾಲಾಗಿ ಸೇರಿ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಲೋಡ್ ಕಡಿಮೆ ಇದ್ದ ಮನೆಗೆ ವೋಲ್ಟೇಜ್ ಜಾಸ್ತಿ. ಬರೀ ರೌಟರ್ ಮತ್ತು ಒಂದು ಎಲ್ಇಡಿ ಬಲ್ಬ್ ಉರಿಯುತ್ತಿದ್ದ ಮನೆಗೆ ಮೂರು ನೂರು ದಾಟಿ ಹೋಗಿರುತ್ತದೆ. ಏಸಿ ಹಾಕಿ ಮಲಗಿದವನ ಮನೆಯಲ್ಲಿ ಏಸಿಯೇ ನಿಂತುಹೋಗಿರುತ್ತದೆ. ಒಂದು ಕಟ್ಟಡದಲ್ಲಿ ಕೆಲವರ ಬಲ್ಬು ಕಣ್ಣು ಕುಕ್ಕುವ ಹಾಗೆ, ಕೆಲವರದು ಮಂಕಾಗಿ ಉರಿಯುತ್ತಿದ್ದರೆ ನಿಮ್ಮ ಉಪಕರಣದ ರಿಪೇರಿ ಆಮೇಲೆ ಇರಲಿ, ಮೊದಲು ವಾಚ್‌ಮನ್‌ಗೆ ಹೇಳಿ ಕರೆಂಟ್ ಕಂಪನಿಗೆ ಫೋನ್ ಮಾಡಿಸಿ. ಕೊಲಾಬಾದಿಂದ ಮಾಹಿಮ್, ಸಾಯನ್ ತನಕ ಬೆಸ್ಟ್, ಆಚೆ ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ, ಮುಲುಂಡ್, ಥಾಣೆ, ಡೊಂಬಿವಲಿ ಕಡೆ ಮಹಾವಿತರಣ. ಬಿಲ್ಲಿನ ಮೀಟರಿಗಿಂತ ಹಿಂದಿನದ್ದು ಅವರ ಸ್ವತ್ತು. ಅಲ್ಲಿಗೆ ನೀವೂ ಕೈ ಹಾಕಬಾರದು, ಸೊಸೈಟಿಯ ಎಲೆಕ್ಟ್ರಿಷಿಯನ್ನೂ ಹಾಕಬಾರದು.

'ಎಂಸಿಬಿ ಇದೆಯಲ್ಲ, ಏನಾದ್ರೂ ಆದ್ರೆ ಬೀಳತ್ತೆ' ಅಂತ ಹೇಳುವವರು ಇಲ್ಲೂ ಇರಬಹುದು. ಕರೆಂಟು ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್ ಅದು. ಕಾಯುವುದು ವೈರನ್ನು, ನಿಮ್ಮನ್ನಲ್ಲ. ಲೆಕ್ಕ ಹಾಕಿ. ನಿಮ್ಮ ಅರ್ಥ್ ಪಿಟ್ಟಿನ (ನೆಲಕ್ಕೆ ಅರ್ಥ್ ಇಳಿಸಿದ ಗುಂಡಿಯ) ರೆಸಿಸ್ಟೆನ್ಸ್ 5 ಓಮ್, ಒಳ್ಳೆಯದೇ ಅನ್ನಿ. ಫೇಸ್ ಬಾಡಿಗೆ ತಾಗಿ ಆ ಮಣ್ಣಿನ ಮೂಲಕವೇ ಕರೆಂಟು ವಾಪಸ್ ಹೋಗಬೇಕು ಅಂದರೆ 230 ಭಾಗಿಸು 5, ಅಂದರೆ 46 ಆಂಪಿಯರ್. 16 ಆಂಪಿಯರಿನ ಸಿ ಟೈಪ್ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು ಬೇಕು, ಅಂದರೆ 80ರಿಂದ 160. 46ಕ್ಕೆ ಅದು ನಿಧಾನವಾಗಿ ಬಿಸಿಯಾಗಿ ಬೀಳುತ್ತದೆ, ಹಲವು ಸೆಕೆಂಡುಗಳ ನಂತರ. ಅಷ್ಟು ಹೊತ್ತೂ ಬಾಡಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಇನ್ನು ನಿಮ್ಮ ಮೈ ಮೂಲಕ ಹರಿಯುವ 50 ಮಿಲಿ ಆಂಪಿಯರು ಎಂಸಿಬಿಯ ಕಣ್ಣಿಗೂ ಬೀಳುವುದಿಲ್ಲ.

ಅದನ್ನು ಹಿಡಿಯುವುದು ಆರ್‌ಸಿಸಿಬಿ. ಇಲ್ಲಿ ಹೋಟೆಲ್‌ನವರು ಇದ್ದೀರಿ, ನಿಮಗೆ ಬೇಗ ಅರ್ಥವಾಗುತ್ತದೆ. ರಾತ್ರಿ ಗಲ್ಲಾ ಎಣಿಸುವ ಹಾಗೆ ಅದು: ಹೋದದ್ದೆಷ್ಟು, ಬಂದದ್ದೆಷ್ಟು, ತಾಳೆ ಆಗಲೇಬೇಕು. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರದೆ 30 ಮಿಲಿ ಆಂಪಿಯರ್ ಬೇರೆ ದಾರಿಯಲ್ಲಿ ಹೋಯಿತು ಅಂದರೆ ಬೀಳುತ್ತದೆ. 100, 300 ಮಿಲಿ ಆಂಪಿಯರಿನವೂ ಸಿಗುತ್ತವೆ. ಅವು ಬೆಂಕಿ ತಡೆಯುವುದಕ್ಕೆ. ಮನುಷ್ಯನಿಗೆ ಬೇಕಾದ್ದು 30. ಅದರ ಮೇಲಿನ ಟೆಸ್ಟ್ ಬಟನ್ ಇರುವುದು ಒತ್ತುವುದಕ್ಕೆ. ಒತ್ತಿದಾಗ ಬಿದ್ದರೆ ಆರ್‌ಸಿಸಿಬಿ ಸರಿ ಇದೆ ಅಂತ ಮಾತ್ರ ಗೊತ್ತಾಯಿತು, ಅರ್ಥಿಂಗ್ ಸರಿ ಇದೆ ಅಂತಲ್ಲ. ಅರ್ಥ್ ವೈರೇ ಇಲ್ಲದಿದ್ದರೂ ಆ ಬಟನ್ ಕೆಲಸ ಮಾಡುತ್ತದೆ. ಮೊದಲು ಹೇಳಿದೆನಲ್ಲ, ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೆ ಅರ್ಥ್ ಕಟ್ಟಿದ ಆ ತುಂಡು, ಅದು ಇದ್ದರೆ ಆರ್‌ಸಿಸಿಬಿಯೂ ಮೋಸಹೋಗುತ್ತದೆ. ಬಾಡಿಗೆ ಸೋರಿದ್ದೆಲ್ಲ ನ್ಯೂಟ್ರಲ್‌ನಲ್ಲೇ ವಾಪಸ್ ಬರುತ್ತದೆ, ಲೆಕ್ಕ ತಾಳೆ ಆಗುತ್ತದೆ, ಅದು ಸುಮ್ಮನೆ ಕೂರುತ್ತದೆ.

ಈಗ ನಿಮ್ಮ ದೂರು ನನಗೆ ಗೊತ್ತು. 'ಆರ್‌ಸಿಸಿಬಿ ಹಾಕಿದ್ರೆ ಸುಮ್‌ಸುಮ್ನೆ ಬೀಳತ್ತೆ, ನಡುರಾತ್ರಿ ಕ್ಯಾಮೆರಾ ಎಲ್ಲ ಬಂದ್, ಸೇಠ್ ಬೈತಾರೆ.' ಆಮೇಲೆ ಏನು ಮಾಡುತ್ತಾರೆ? ಬೈಪಾಸ್. ಅದು ಸುಮ್ನೆ ಬೀಳುತ್ತಿಲ್ಲ. 30 ಅಂತ ಬರೆದಿದ್ದರೂ ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಹನ್ನೆರಡು ಪೆಟ್ಟಿಗೆಗಳ ಸೋರಿಕೆಯೇ ಹನ್ನೆರಡು ಆಯಿತಲ್ಲ, ಅದರ ಜೊತೆ ಹೋಟೆಲಿನ ಗ್ರೈಂಡರ್, ಗೀಸರ್, ಫ್ರಿಜ್ ಎಲ್ಲ ಒಂದೇ ಆರ್‌ಸಿಸಿಬಿಯ ಕೆಳಗೆ. ಬೀಳದೆ ಏನು ಮಾಡುತ್ತದೆ? ನೆಟ್‌ವರ್ಕಿಗೆ ಬೇರೆ ಸರ್ಕ್ಯೂಟ್, ಅದಕ್ಕೆ ಬೇರೆ 30ರ ಆರ್‌ಸಿಸಿಬಿ. ಪೆಟ್ಟಿಗೆಗಳು ಜಾಸ್ತಿ ಇದ್ದರೆ ಎರಡು ಮಾಡಿ. ಖರ್ಚು ಅಂದರೆ ಒಂದು ಒಳ್ಳೆಯ ಕ್ಯಾಮೆರಾದಷ್ಟೂ ಆಗುವುದಿಲ್ಲ.

ಇನ್ನೊಂದು ನಂಬಿಕೆ ಇದೆ, 'ಕಂಪ್ಯೂಟರಿಗೆ ಬೇರೆ ಅರ್ಥಿಂಗ್ ಬೇಕು' ಅಂತ. ಬೇರೆ ಪಿಟ್ ತೋಡಿ, ರ‍್ಯಾಕನ್ನು ಅದಕ್ಕೆ ಮಾತ್ರ ಕಟ್ಟಿ, ಕಟ್ಟಡದ ಅರ್ಥಿಂಗಿಗೆ ತಾಗದ ಹಾಗೆ ಇಡುತ್ತಾರೆ. ನನ್ನ ಪ್ರಕಾರ ಇದು ದುಡ್ಡು ಕೊಟ್ಟು ಅಪಾಯ ತರಿಸಿಕೊಳ್ಳುವ ಕೆಲಸ. ಬೇರೆ ಪಿಟ್ ಬೇಕಾದರೆ ಇರಲಿ, ಆದರೆ ಎರಡನ್ನೂ ದಪ್ಪ ವೈರಿನಿಂದ ಸೇರಿಸಬೇಕು. ಇಲ್ಲದಿದ್ದರೆ ಸಿಡಿಲು ಬಡಿದಾಗ ಅಥವಾ ದೊಡ್ಡ ಫಾಲ್ಟ್ ಆದಾಗ ಒಂದು ಅರ್ಥಿಗೂ ಇನ್ನೊಂದು ಅರ್ಥಿಗೂ ನೂರಾರು, ಸಾವಿರಾರು ವೋಲ್ಟ್ ವ್ಯತ್ಯಾಸ ಬರುತ್ತದೆ. ಒಂದು ಕೈ ರ‍್ಯಾಕಿನ ಮೇಲೆ, ಇನ್ನೊಂದು ಕೈ ಪಕ್ಕದ ಏಸಿ ಮೇಲೆ ಇಟ್ಟವನ ಗತಿ ಏನು?

ರ‍್ಯಾಕಿನ ಬಗ್ಗೆ ಒಂದೇ ಮಾತು: ಬಣ್ಣದ ಮೇಲೆ ಸ್ಕ್ರೂ ಹಾಕಿದರೆ ಅರ್ಥಿಂಗ್ ಆಗುವುದಿಲ್ಲ. ಬಣ್ಣ ಕೆರೆದು, ಹಲ್ಲಿರುವ ವಾಷರ್ ಹಾಕಿ. ಬಾಗಿಲಿಗೆ ಬೇರೆ ವೈರ್ ಕೊಡಿ, ಹಿಂಜ್ ನಂಬಬೇಡಿ.

ಮುಂದಿನ ವಿಷಯ, ಕರೆಂಟು ಹೋಗುವುದು ಬೇರೆ, ಆಫ್ ಆಗುವುದು ಬೇರೆ. 2020ರ ಅಕ್ಟೋಬರ್ 12 ನೆನಪಿದೆಯಾ? ಸೋಮವಾರ ಬೆಳಿಗ್ಗೆ ಇಡೀ ಮುಂಬೈ ಕತ್ತಲಾಯಿತು, ಲೋಕಲ್ ಟ್ರೇನುಗಳು ಅಲ್ಲಲ್ಲೇ ನಿಂತವು. 'ಹೇಗೂ ಕರೆಂಟಿಲ್ಲ, ಈಗಲೇ ಆ ವೈರಿಂಗ್ ಮುಗಿಸಿಬಿಡೋಣ' ಅನ್ನುವ ಯೋಚನೆ ಬರುವುದು ಇಂಥ ಹೊತ್ತಿನಲ್ಲೇ. ಕರೆಂಟು ಯಾವ ನಿಮಿಷ ಬರುತ್ತದೆ ಅಂತ ನಿಮಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಅದಕ್ಕಿಂತ ಮುಂಚೆಯೇ ಕೆಳಗಿನ ಅಂಗಡಿಯವನು ಜನರೇಟರ್ ಶುರು ಮಾಡಿ, ಚೇಂಜ್‌ಓವರ್ ಸ್ವಿಚ್ (ಲೈನ್, ಜನರೇಟರ್ ಎರಡರಲ್ಲಿ ಒಂದನ್ನೇ ಸೇರಿಸುವ ಸ್ವಿಚ್) ಇಲ್ಲದೆ ಸಾಕೆಟ್ಟಿಗೇ ಚುಚ್ಚಿರಬಹುದು. ಆಗ ಕರೆಂಟು ಉಲ್ಟಾ ದಾರಿಯಲ್ಲಿ ಬರುತ್ತದೆ. ಮನೆಯ ಇನ್ವರ್ಟರ್ ಒಂದು ಸರ್ಕ್ಯೂಟಿಗೆ ಜೀವ ಕೊಟ್ಟಿರುತ್ತದೆ. ನಿಮ್ಮದೇ ರ‍್ಯಾಕಿನ ಯುಪಿಎಸ್ ಔಟ್‌ಪುಟ್‌ನಲ್ಲಿ 230 ಹಾಗೇ ಇರುತ್ತದೆ.

ಯುಪಿಎಸ್ ವಿಷಯದಲ್ಲಿ ಒಂದು ಸಣ್ಣ ಸಂಗತಿ, ಆದರೆ ತುಂಬಾ ಜನ ತಪ್ಪುವುದು ಇಲ್ಲೇ. ಬ್ಯಾಕಪ್ ಟೆಸ್ಟ್ ಮಾಡಲು ಯುಪಿಎಸ್ಸಿನ ಪ್ಲಗ್ಗನ್ನೇ ಗೋಡೆಯಿಂದ ಕೀಳುತ್ತಾರೆ. ಕಿತ್ತ ಕ್ಷಣ ಫೇಸ್, ನ್ಯೂಟ್ರಲ್ ಜೊತೆಗೆ ಅರ್ಥೂ ಹೋಯಿತು. ಈಗ ಯುಪಿಎಸ್ 230 ಕೊಡುತ್ತಾ ಇದೆ, ಇಡೀ ರ‍್ಯಾಕಿಗೆ ಅರ್ಥ್ ಇಲ್ಲ. ಪ್ಲಗ್ ಕೀಳಬೇಡಿ, ಸಾಕೆಟ್ಟಿನ ಸ್ವಿಚ್ ಆಫ್ ಮಾಡಿ. ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉದ್ದ ಯಾಕಿದೆ ಗೊತ್ತಲ್ಲ? ಹಾಕುವಾಗ ಅದೇ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ಆದರೆ ಆ ಸ್ವಿಚ್ಚನ್ನೂ ಪೂರ್ತಿ ನಂಬಬೇಡಿ. ಅದು ಒಂದೇ ವೈರನ್ನು ಕಡಿಯುತ್ತದೆ. ಎದುರು ನಿಂತು ನೋಡಿದಾಗ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ವೈರಿಂಗಿನಲ್ಲಿ ಅದಲುಬದಲಾಗಿದ್ದರೆ ಸ್ವಿಚ್ ಕಡಿಯುವುದು ನ್ಯೂಟ್ರಲ್ಲನ್ನು. ಲೈಟ್ ಆರಿತು, ಒಳಗೆ ಫೇಸ್ ಹಾಗೇ ಇದೆ.

ಬಣ್ಣದ ಗೊಂದಲವೂ ಇದೆ. ನಮ್ಮ ಹಳೇ ವೈರಿಂಗಿನಲ್ಲಿ ಮೂರು ಫೇಸ್ ಅಂದರೆ ಕೆಂಪು, ಹಳದಿ, ನೀಲಿ. ಕಪ್ಪು ನ್ಯೂಟ್ರಲ್. ಉಪಕರಣದ ಜೊತೆ ಬರುವ ಪವರ್ ಕಾರ್ಡಿನಲ್ಲಿ (ಪ್ಲಗ್ಗಿನ ವೈರಿನಲ್ಲಿ) ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು–ಹಳದಿ ಅರ್ಥ್. ಒಂದೇ ನೀಲಿ, ಗೋಡೆಯೊಳಗೆ ಫೇಸ್ ಆಗಿರಬಹುದು, ಕಾರ್ಡಿನೊಳಗೆ ನ್ಯೂಟ್ರಲ್. ಪಿಡಿಯುಗೆ, ಅಂದರೆ ಉಪಕರಣಗಳಿಗೆ ಕರೆಂಟು ಹಂಚುವ ಸಾಕೆಟ್ ಪಟ್ಟಿಗೆ, ಪ್ಲಗ್ ಕಟ್ಟುವಾಗ ನೀಲಿಗೆ ನೀಲಿ ಸೇರಿಸಿ ಕೆಲಸ ಮುಗಿಸಿದವರನ್ನು ನೋಡಿದ್ದೇನೆ. ಬಣ್ಣ ನೋಡಿ ಊಹಿಸಬಹುದು, ನಿರ್ಧಾರ ಮೀಟರ್‌ದು.

ಮೀಟರಿನಲ್ಲಿ ಅಳೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಕರೆಂಟು ಇರುವುದು ಗ್ಯಾರಂಟಿ ಇರುವ ಸಾಕೆಟ್ಟಿನಲ್ಲಿ ಮೀಟರ್ ಇಟ್ಟು 230 ತೋರಿಸುತ್ತದಾ ನೋಡಿ. ಆಮೇಲೆ ನೀವು ಮುಟ್ಟಬೇಕಾದ ಜಾಗ ಅಳೆಯಿರಿ: ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್, ಮೂರೂ. ಆಮೇಲೆ ಮತ್ತೆ ಮೊದಲಿನ ಸಾಕೆಟ್ಟಿಗೆ ಬಂದು ನೋಡಿ. ಯಾಕೆ ಎರಡನೇ ಸಲ? ನಡುವೆ ಪ್ರೋಬಿನ ವೈರು ಕಡಿದಿದ್ದರೆ ಆಗಲೂ ಮೀಟರ್ ಸೊನ್ನೆಯೇ ತೋರಿಸುತ್ತದೆ. ನಿಯಾನ್ ಟೆಸ್ಟರ್ ಜೇಬಿನಲ್ಲಿ ಇರಲಿ, ಆದರೆ ಅದರ ಮಾತಿನ ಮೇಲೆ ಕೈ ಹಾಕಬೇಡಿ. ಅದು ಉರಿಯಬೇಕಾದರೆ ನಿಮ್ಮ ಮೈಯೇ ಸರ್ಕ್ಯೂಟಿನ ಭಾಗ ಆಗಬೇಕು. ಮರದ ಏಣಿಯ ಮೇಲೆ, ಒಣ ಚಪ್ಪಲಿ ಹಾಕಿ ನಿಂತರೆ ಇರುವ ಕರೆಂಟನ್ನೂ ಸರಿಯಾಗಿ ತೋರಿಸದೆ ಹೋಗಬಹುದು.

ಆಫ್ ಮಾಡಿದ ಎಂಸಿಬಿಗೆ ಬೀಗ ಹಾಕಿ. ಅದಕ್ಕೆ ಸಿಗುವ ಸಣ್ಣ ಲಾಕ್ ಕ್ಲಿಪ್ಪು ದುಬಾರಿ ಅಲ್ಲ. ಸೊಸೈಟಿಗಳಲ್ಲಿ ಲಿಫ್ಟ್ ನಿಂತಿತು, ಪಂಪ್ ನಿಂತಿತು ಅಂತ ಯಾರೋ ಬಂದು ಕೆಳಗಿರುವ ಎಲ್ಲ ಎಂಸಿಬಿ ಮೇಲೆತ್ತಿ ಹೋಗುತ್ತಾರೆ. ಪಾಪ, ಅವರಿಗೆ ನೀವು ಆರನೇ ಮಹಡಿಯಲ್ಲಿ ವೈರ್ ಹಿಡಿದು ಕೂತಿರುವುದು ಗೊತ್ತಿರುವುದಿಲ್ಲ.

ಎರಡು ಪವರ್ ಸಪ್ಲೈ ಇರುವ ಸ್ವಿಚ್ಚಿಗೆ ಎರಡು ಕಾರ್ಡು ಇರುತ್ತದೆ, ಎರಡನ್ನೂ ಕೀಳಬೇಕು. ಕಿತ್ತಮೇಲೂ ಪವರ್ ಸಪ್ಲೈಯ ಡಬ್ಬಿ ತೆರೆಯಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 325ರಿಂದ 400 ವೋಲ್ಟ್ ಡಿಸಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ನಮ್ಮ ಫೀಲ್ಡ್ ಕೆಲಸದಲ್ಲಿ ಪವರ್ ಸಪ್ಲೈ ಅಂದರೆ ಬದಲಾಯಿಸುವ ಸಾಮಾನು, ರಿಪೇರಿ ಮಾಡುವ ಸಾಮಾನಲ್ಲ. ಇನ್ನು, ಉಪಕರಣದೊಳಗಿನ ಸರ್ಕ್ಯೂಟ್ ಕಾರ್ಡ್ ಬದಲಾಯಿಸುವಾಗ ಕೈಗೆ ಕಟ್ಟುವ ಆಂಟಿಸ್ಟ್ಯಾಟಿಕ್ ಪಟ್ಟಿ ಸ್ಟ್ಯಾಟಿಕ್ ಇಳಿಸುವುದಕ್ಕೆ ಮಾತ್ರ. ಅದು ನಿಮ್ಮನ್ನು ಅರ್ಥಿಗೆ ಕಟ್ಟುತ್ತದೆ. ಅದನ್ನು ಹಾಕಿಕೊಂಡು ಕರೆಂಟು ಇರುವ ತೆರೆದ ಜಾಗಕ್ಕೆ ಕೈ ಹಾಕುವ ಹಾಗಿಲ್ಲ. ಒಳ್ಳೆಯ ಪಟ್ಟಿಯಲ್ಲಿ ಒಂದು ಮೆಗಾ ಓಮ್ ರೆಸಿಸ್ಟರ್ ಇರುತ್ತದೆ. ಯಾವುದೋ ವೈರು ಸುತ್ತಿ ನೀವೇ ಮಾಡಿಕೊಂಡದ್ದರಲ್ಲಿ ಇರುವುದಿಲ್ಲ.

ಈಗ ಟೆರೇಸಿಗೆ ಹೋಗೋಣ. ಈ ಊರಿನ ಕೇಬಲ್ ಎಲ್ಲ ಒಂದು ಟೆರೇಸಿನಿಂದ ಇನ್ನೊಂದು ಟೆರೇಸಿಗೆ ಹಾರಿ ಹೋಗಿರುತ್ತದೆ. ಎರಡು ಕಟ್ಟಡಗಳ ನಡುವೆ ಕ್ಯಾಟ್ 6 (ತಾಮ್ರದ ನೆಟ್‌ವರ್ಕ್ ಕೇಬಲ್) ಎಳೆಯಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಎರಡು ಕಟ್ಟಡದ ಅರ್ಥ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಶೀಲ್ಡ್, ಅಂದರೆ ಲೋಹದ ಹೊದಿಕೆ, ಇರುವ ಕೇಬಲ್ ಹಾಕಿದರೆ ಆ ವ್ಯತ್ಯಾಸದ ಕರೆಂಟು ಶೀಲ್ಡಿನಲ್ಲಿ ಹರಿಯುತ್ತದೆ. ಜೂನ್ ಶುರುವಿನಲ್ಲಿ, ಅಕ್ಟೋಬರಿನಲ್ಲಿ ಗುಡುಗು ಸಿಡಿಲು ಬಂದಾಗ ಎರಡೂ ಕಡೆಯ ಪೋರ್ಟ್ ಸುಟ್ಟುಹೋಗುತ್ತವೆ. ಅಲ್ಲಿ ಫೈಬರ್ ಹಾಕಿ.

ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ, ಸರಿ. ಆದರೆ ಕೇಬಲ್ಲಿನಲ್ಲಿ ಗಾಜು ಮಾತ್ರ ಇರುವುದಾ? ಆರ್ಮರ್ಡ್ ಕೇಬಲ್ಲಿನ ಸ್ಟೀಲ್ ಪಟ್ಟಿ, ಮನೆಗೆ ಇಳಿಯುವ ಡ್ರಾಪ್ ಕೇಬಲ್ಲಿನ ಸ್ಟೀಲ್ ತಂತಿ, ಎರಡೂ ಅಪ್ಪಟ ವಾಹಕ. ಕಲ್ಯಾಣ್, ಅಂಬರ್‌ನಾಥ್ ಕಡೆ ಕರೆಂಟ್ ಕಂಬಗಳ ಪಕ್ಕದಲ್ಲೇ ಕೇಬಲ್ ಹೋಗುತ್ತದೆ. ಎಲ್ಲೋ ಒಂದು ಕಡೆ ಉಜ್ಜಿ ಉಜ್ಜಿ ಸ್ಟೀಲ್ ತಂತಿ ಕರೆಂಟಿನ ವೈರಿಗೆ ತಾಗಿತು ಅಂದರೆ ನೂರು ಮೀಟರ್ ದೂರದಲ್ಲಿ ಫೈಬರ್ ಸ್ಪ್ಲೈಸ್ ಮಾಡುತ್ತಾ (ಜೋಡಿಸುತ್ತಾ) ಕೂತವನ ಕೈಗೇ ಬಂತು. ಮನೆಯೊಳಗೆ ಹೋಗುವ ಡ್ರಾಪ್ ಕೇಬಲ್ಲನ್ನು ಸ್ಟೀಲ್ ಬದಲು ಎಫ್‌ಆರ್‌ಪಿ (ಕರೆಂಟು ಹರಿಯದ ನಾರಿನ ಪ್ಲಾಸ್ಟಿಕ್) ಕಡ್ಡಿ ಇರುವುದೇ ಕೇಳಿ ತರಿಸಿ. ಸ್ಟೀಲ್ ಇದ್ದರೆ ಅದನ್ನು ಹೊರಗೇ ಕತ್ತರಿಸಿ ನಿಲ್ಲಿಸಿ, ರ‍್ಯಾಕಿನ ತನಕ ತರಬೇಡಿ. ನೇತಾಡುವ ಯಾವುದೇ ತಂತಿ ಹಿಡಿಯುವ ಮುಂಚೆ ಅದು ಎಲ್ಲಿಂದ ಬಂದಿದೆ ಕಣ್ಣಲ್ಲಿ ಹಿಂಬಾಲಿಸಿ, ಮೀಟರಿಟ್ಟು ಅಳೆಯಿರಿ. ಅಲ್ಯುಮಿನಿಯಂ ಏಣಿ ಹಗುರ ಅಂತ ತರುತ್ತೀರಿ. ಕರೆಂಟ್ ಲೈನ್ ಹತ್ತಿರ ಅದು ಬೇಡ, ಫೈಬರ್‌ಗ್ಲಾಸ್ ತನ್ನಿ.

ಮೆಟ್ಟಿಲ ಬಳಿ ಕಬ್ಬಿಣದ ಡಬ್ಬಿಯಲ್ಲಿ ಇರುವ ರಿವರ್ಸ್ ಪಿಓಇ ಸ್ವಿಚ್ ನಿಮಗೆ ಗೊತ್ತು. ಪಿಓಇ ಅಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಪವರ್ ಕಳಿಸುವುದು. ಗಿರಾಕಿಗಳ ಮನೆಯ ಅಡಾಪ್ಟರಿನಿಂದಲೇ ಕೇಬಲ್ ಮೂಲಕ ಪವರ್ ಬರುತ್ತದೆ. ಒಳ್ಳೆಯ ಉಪಾಯವೇ, ಸೊಸೈಟಿಯ ಕರೆಂಟ್ ಬೇಡ. ಆದರೆ ಎಂಟು ಮನೆಯಿಂದ ಪವರ್ ಬರುತ್ತಿರುವಾಗ ಒಂದು ಮನೆಯಲ್ಲಿ ಆಫ್ ಮಾಡಿಸಿ ಬಂದರೆ ಏನಾಯಿತು? ಇನ್ನು ಆ ಎಂಟರಲ್ಲಿ ಒಂದು ರಸ್ತೆಬದಿಯಲ್ಲಿ ಕೊಂಡ ಅಗ್ಗದ ಅಡಾಪ್ಟರ್ ಆಗಿದ್ದು, ಒಳಗೆ 230ರ ಭಾಗಕ್ಕೂ 12 ವೋಲ್ಟಿನ ಭಾಗಕ್ಕೂ ನಡುವಿನ ಇನ್ಸುಲೇಷನ್ ಸುಟ್ಟಿದ್ದರೆ ಆ 230 ಕ್ಯಾಟ್ 5 ಕೇಬಲ್ಲಿನಲ್ಲಿ ನಡೆದುಕೊಂಡು ಮೆಟ್ಟಿಲಿಗೆ ಬರುತ್ತದೆ. ಆ ಡಬ್ಬಿಗೆ ಅರ್ಥ್ ಇರುವುದೇ ಇಲ್ಲ. ಮೆಟ್ಟಿಲು ಹತ್ತುವ ಮಕ್ಕಳು ಕೈ ಆಡಿಸುತ್ತಾ ಹೋಗುವ ಎತ್ತರದಲ್ಲಿ ಅದನ್ನು ಹೊಡೆದಿರುತ್ತೀರಿ. ಪ್ಲಾಸ್ಟಿಕ್ ಡಬ್ಬಿ ಹಾಕಿ, ಮೇಲೆ ಹಾಕಿ, ಅಡಾಪ್ಟರ್ ನೀವೇ ಒಳ್ಳೆಯದು ಕೊಡಿ.

ಸ್ಟ್ಯಾಂಡರ್ಡ್ ಪಿಓಇ ಬಗ್ಗೆ ಜಾಸ್ತಿ ಹೆದರಿಕೆ ಬೇಡ. 44ರಿಂದ 57 ವೋಲ್ಟ್, ಎದುರಿಗೆ ಸರಿಯಾದ ಉಪಕರಣ ಇದೆಯಾ ಅಂತ ವಿಚಾರಿಸಿಯೇ ಪವರ್ ಬಿಡುತ್ತದೆ. 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ (ಕೇಬಲ್ಲಿಗೆ ಪವರ್ ಸೇರಿಸುವ ಡಬ್ಬಿ) ಏನೂ ವಿಚಾರಿಸುವುದಿಲ್ಲ, ಲ್ಯಾಪ್‌ಟಾಪ್ ಚುಚ್ಚಿದರೂ ಬಿಡುತ್ತದೆ. ತಾಮ್ರ ಲೇಪಿಸಿದ ಅಲ್ಯುಮಿನಿಯಂ ಕೇಬಲ್, ಸಿಸಿಎ ಅಂತೀರಲ್ಲ, ಅದರಲ್ಲಿ 60, 90 ವ್ಯಾಟ್ ಪಿಓಇ ಓಡಿಸಬೇಡಿ. ಕಟ್ಟು ಕಟ್ಟಿ ಫಾಲ್ಸ್ ಸೀಲಿಂಗಿನಲ್ಲಿ ತುರುಕಿದಾಗ ಅದು ಬಿಸಿಯೇರುತ್ತದೆ.

ಟವರ್, ಎಕ್ಸ್‌ಚೇಂಜ್ ಕೆಲಸದವರಿಗೆ 48 ವೋಲ್ಟಿನ ಬ್ಯಾಟರಿ ಬ್ಯಾಂಕು. ಶಾಕ್ ಹೊಡೆಯುವುದು ಕಷ್ಟ ಅಂತ ಸಸಾರ ಬೇಡ. 100 ಆಂಪಿಯರ್ ಅವರ್ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಸ್ಪಾನರ್ ಅಡ್ಡ ಬಿದ್ದರೆ ಸಾವಿರ ಆಂಪಿಯರ್ ದಾಟುತ್ತದೆ. ಉಂಗುರ, ಕಡಗ, ಸ್ಟೀಲ್ ವಾಚ್ ತೆಗೆದಿಡಿ. ಉಂಗುರ ಕೆಂಪಗೆ ಕಾಯ್ದರೆ ಬೆರಳಿನಿಂದ ತೆಗೆಯುವುದಕ್ಕೂ ಆಗುವುದಿಲ್ಲ. ಸ್ಪಾನರಿನ ಹಿಡಿಗೆ ಟೇಪ್ ಸುತ್ತಿದರೆ ಸಾಲದು, ಇನ್ಸುಲೇಟೆಡ್ ಟೂಲೇ ಬೇಕು.

ಮಳೆ ಬಗ್ಗೆ ಹೇಳದೆ ಮುಂಬೈಯಲ್ಲಿ ಈ ಮಾತು ಮುಗಿಯುವುದಿಲ್ಲ. 2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್. ಅಷ್ಟು ಮಳೆ ಬೇಡ, ಜೋರು ಮಳೆಗೆ ತಗ್ಗಿನ ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದಲ್ಲ, ಅಷ್ಟು ಸಾಕು. ನಮ್ಮ ಡಬ್ಬಿಗಳು ಎಲ್ಲಿರುತ್ತವೆ? ತಳಮಹಡಿಯ ಮೀಟರ್ ರೂಮಿನಲ್ಲಿ, ಮೆಟ್ಟಿಲ ಕೆಳಗೆ. ನೆಟ್ ಹೋಯಿತು ಅಂತ ಗಿರಾಕಿಗಳು ಫೋನ್ ಮೇಲೆ ಫೋನ್ ಮಾಡುತ್ತಾರೆ, ನೀವು ಪ್ಯಾಂಟು ಮಡಚಿ ನೀರಿಗಿಳಿಯುತ್ತೀರಿ. ಇಳಿಯಬೇಡಿ. ಕರೆಂಟ್ ಕಂಪನಿ ಆ ಕಟ್ಟಡದ ಲೈನ್ ತೆಗೆದಿದೆ ಅಂತ ಖಚಿತ ಆಗುವ ತನಕ ಮೀಟರ್ ರೂಮಿನ ನೀರಿಗೆ ಕಾಲಿಡುವ ಹಾಗಿಲ್ಲ. ನೀರು ಇಳಿದಮೇಲೂ 'ಆನ್ ಮಾಡಿ ನೋಡೋಣ' ಬೇಡ. ನೆಂದ ಎಕ್ಸ್‌ಟೆನ್ಷನ್ ಬೋರ್ಡು, ಅಡಾಪ್ಟರ್ ಒಣಗಿಸಿ ಬಳಸುವ ಸಾಮಾನಲ್ಲ, ಬಿಸಾಡಿ.

ಜೊತೆಯವನಿಗೆ ಶಾಕ್ ಹೊಡೆದು ಕೈ ಕಚ್ಚಿಕೊಂಡರೆ ಅವನನ್ನು ಎಳೆಯಲು ಹೋಗಬೇಡಿ, ಮೊದಲು ಮೇನ್ ಆಫ್ ಮಾಡಿ. ಅದಕ್ಕೇ ಯಾವ ಸೈಟಿಗೆ ಹೋದರೂ ಮೊದಲ ಕೆಲಸ ಮೇನ್ ಎಲ್ಲಿದೆ ಅಂತ ನೋಡುವುದು. ಆಫ್ ಮಾಡಲು ಆಗದಿದ್ದರೆ ಒಣ ಮರದ ಕೋಲಿನಿಂದ, ಪ್ಲಾಸ್ಟಿಕ್ ಸ್ಟೂಲಿನಿಂದ ಬಿಡಿಸಿ. ಪ್ರಜ್ಞೆ ಇಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಒಬ್ಬರು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡು ಕೈ ಇಟ್ಟು ಒತ್ತಲು ಶುರು ಮಾಡಿ. ಐದಾರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಆಂಬ್ಯುಲೆನ್ಸ್ ಟ್ರಾಫಿಕ್ಕಿನಲ್ಲಿ ಸಿಕ್ಕಿರುತ್ತದೆ, ಅದು ಬರುವ ತನಕ ನಿಲ್ಲಿಸಬೇಡಿ, ಸುಸ್ತಾದರೆ ಇನ್ನೊಬ್ಬರು ಒತ್ತಲಿ. ಎದ್ದು ಕೂತು 'ಏನೂ ಆಗಿಲ್ಲ ಅಣ್ಣಾ' ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: 'ಸರ್, ರಬ್ಬರ್ ಚಪ್ಪಲಿ ಹಾಕಿದ್ರೆ ಸಾಕಲ್ವಾ?' ಸಾಲದು ತಮ್ಮಾ. ಚಪ್ಪಲಿ ಕಾಲಿನ ದಾರಿಯನ್ನು ತಡೆಯಬಹುದು, ಅದೂ ಒಣಗಿದ್ದರೆ. ನಮ್ಮ ಕೆಲಸದಲ್ಲಿ ಕರೆಂಟು ಒಂದು ಕೈಯಲ್ಲಿ ಹೊಕ್ಕು ಇನ್ನೊಂದು ಕೈಯಲ್ಲಿ ಹೊರಡುತ್ತದೆ, ನಡುವೆ ಎದೆ. ಬೇಕಾದ್ದು ಗ್ಲೌಸ್, ಆದರೆ ಪಾತ್ರೆ ತೊಳೆಯುವ ಗ್ಲೌಸ್ ಅಲ್ಲ. ಎಲೆಕ್ಟ್ರಿಕಲ್ ಗ್ಲೌಸಿನ ಮೇಲೆ ಕ್ಲಾಸ್ ಬರೆದಿರುತ್ತದೆ. ಕ್ಲಾಸ್ 00 ಅಂದರೆ 500 ವೋಲ್ಟ್ ತನಕ, ಕ್ಲಾಸ್ 0 ಅಂದರೆ 1000 ತನಕ. ಪ್ರತಿ ಸಲ ಹಾಕುವ ಮುಂಚೆ ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ ಒಳಗೆ ಗಾಳಿ ಹಿಡಿದು, ಕಿವಿ ಹತ್ತಿರ ಇಟ್ಟು ಕೇಳಿ. ಸುಯ್ ಅಂದರೆ ತೂತಾಗಿದೆ. ತೂತಾದದ್ದನ್ನು ಕತ್ತರಿಸಿ ಬಿಸಾಡಿ, ಸುಮ್ನೆ ಮೂಲೆಗೆ ಎಸೆದರೆ ಇನ್ಯಾರೋ ಎತ್ತಿ ಹಾಕಿಕೊಳ್ಳುತ್ತಾರೆ.